ಹೊಸೂರು ಹೊಸತಾದದ್ದು ಯಾವಾಗ?

ಪ್ರಶ್ನೆ ಕೇಳಿದವನು ಎರಡನೆಯ ತರಗತಿಯ ಹುಡುಗ. ಸ್ಥಳ ಹೊಸೂರಿನ ಬಸ್ ನಿಲ್ದಾಣ. ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಕಾಸರಗೋಡಿನಿಂದ ಹೊರಟು, ಮಂಗಳೂರು, ಬೆಂಗಳೂರುಗಳನ್ನು ದಾಟಿ, ರಾತ್ರಿಯಿಡೀ ನಿದ್ದೆಗೆಟ್ಟು ಬಂದಿಳಿದಿದ್ದ ನಮ್ಮನ್ನು ಕರೆದೊಯ್ಯಲು ಆತ ತನ್ನ ತಾತನ ಜೊತೆ ಬಂದಿದ್ದ. ಫಲಕದಲ್ಲಿ ತಮಿಳಿನಲ್ಲಿ ಬರೆದಿದ್ದ ಊರ ಹೆಸರನ್ನು ಅಕ್ಷರ ಕೂಡಿಸಿ ಓದಿ, "ತಾತ, ಓಸೂರು ಅಂದ್ರೆ ಹೊಸ ಊರು ತಾನೆ? ಹಂಗಾದ್ರೆ ಹಳೇ ಊರು ಎಲ್ಲೈತೆ?" ಎಂದ. ನಮ್ಮ ಚೀಲ ಎತ್ತಿಕೊಳ್ಳುವ ಗಡಿಬಿಡಿಯಲ್ಲಿದ್ದ ತಾತ, "ಸುಮ್ಕಿರೋ, ನೆಂಟ್ರು ದಣಿದು ಬಂದವ್ರೆ" ಎಂದರು.

ಹುಡುಗ ಸುಮ್ಮನಾದ. ಆದರೆ ಪ್ರಶ್ನೆ ನಮ್ಮನ್ನು ಸುಮ್ಮನಿರಗೊಡಲಿಲ್ಲ. ಹೇಳಿ ಕೇಳಿ ನಾವು ಹೊಸದುರ್ಗವಿರುವ ಜಿಲ್ಲೆಯವರು. ತಾಲೂಕು ಕಚೇರಿಗೆಂದು, ಕೋರ್ಟಿಗೆಂದು ಎಷ್ಟು ಸಲ ಅಲ್ಲಿಗೆ ಹೋಗಿ ಬಂದಿಲ್ಲ! ಹೊಸ ದುರ್ಗ ಎಂದ ಮೇಲೆ ಹಳೆಯ ದುರ್ಗ ಯಾವುದು ಎಂದು ಒಂದು ದಿನವಾದರೂ ಕೇಳಿಕೊಂಡಿದ್ದುಂಟೆ? ಇಕ್ಕೇರಿಯ ನಾಯಕರು ಕರಾವಳಿಯುದ್ದಕ್ಕೂ ಕೋಟೆ ಕಟ್ಟುತ್ತ ಬಂದು, ಬೇಕಲದ ದೊಡ್ಡ ಕೋಟೆಯಿಂದ ದಕ್ಷಿಣಕ್ಕೆ ಎದ್ದ ಈ ಕೋಟೆಯನ್ನು ಹೊಸದುರ್ಗವೆಂದರು. ಅದೇ ಜಾಗಕ್ಕೆ ಕಾಞಂಗಾಡಿನ ಬೀದಿಯಲ್ಲಿ ಮಲಯಾಳದ ಜನ 'ಪುದಿಯಕೋಟ' ಎನ್ನುತ್ತಾರೆ. ಅರ್ಥ ಒಂದೇ. ಸರಕಾರಿ ಕಾಗದದಲ್ಲಿ ಕನ್ನಡದ ಹೆಸರು, ಬಸ್ಸಿನ ನಿರ್ವಾಹಕನ ಬಾಯಲ್ಲಿ ಮಲಯಾಳದ ಹೆಸರು. ದಿನವೂ ಎರಡನ್ನೂ ಕೇಳುತ್ತ ಇವೆರಡೂ ಒಂದೇ ಮಾತು ಎಂದು ಹೊಳೆಯದೆ ಬದುಕಿದ್ದೇವೆ. ಎಂಟು ವರ್ಷದ ಹುಡುಗ ನಮ್ಮನ್ನು ನಾಚಿಸಿದ.

ನಾವು ಇಲ್ಲಿ ಬರೆಯಹೊರಟಿರುವುದು ಇಂಥ ಸಣ್ಣ ಪ್ರಶ್ನೆಗಳ ಬಗ್ಗೆ. ಗಡಿ ಎಲ್ಲಿರಬೇಕಿತ್ತು ಎಂಬ ದೊಡ್ಡ ಪ್ರಶ್ನೆಗೆ ಆಯೋಗಗಳಾದವು, ವರದಿಗಳಾದವು, ಭಾಷಣಗಳಾದವು. ಸಣ್ಣ ಪ್ರಶ್ನೆಗೆ ಆಯೋಗವಿಲ್ಲ. ಅದನ್ನು ಕೇಳುವವರು ಮಕ್ಕಳು, ಉತ್ತರ ಹೇಳಬೇಕಾದವರು ಮನೆಯ ಹಿರಿಯರು, ಹೇಳಬೇಕಾದ ಸಮಯ ಊಟದ ಹೊತ್ತು. ಹೊಸೂರಿನಲ್ಲಾಗಲಿ ಕಾಸರಗೋಡಿನಲ್ಲಾಗಲಿ ಈ ಪ್ರಶ್ನೆಗಳಿಗೆ ಒಂದು ವಿಶೇಷ ಗುಣವಿದೆ. ಕನ್ನಡ ಗೊತ್ತಿದ್ದವರಿಗೆ ಮಾತ್ರ ಅವು ಪ್ರಶ್ನೆಗಳಾಗಿ ಕಾಣಿಸುತ್ತವೆ. 'ಹೊಸ' ಎಂದರೇನೆಂದು ತಿಳಿಯದ ಮಗುವಿಗೆ ಓಸೂರು ಎಂಬುದು ಬರಿಯ ಒಂದು ಶಬ್ದ. ಅದು ಹಳೆಯ ಊರನ್ನು ಹುಡುಕಿಕೊಂಡು ಹೋಗಲಾರದು.

ಇರಲಿ, ಹುಡುಗನಿಗೆ ಉತ್ತರ ಕೊಡೋಣ. ಹಳೆಯ ಊರು ಬೇರೆಲ್ಲೂ ಇಲ್ಲ, ಹೊಸೂರಿನಲ್ಲೇ ಇದೆ. ಪೇಟೆಯ ಮಗ್ಗುಲಲ್ಲಿ ಬೆಟ್ಟದ ಮೇಲೆ ಚಂದ್ರಚೂಡೇಶ್ವರನ ಗುಡಿಯಿದೆಯಲ್ಲ, ಅಲ್ಲಿಯ ಹಳೆಯ ಶಾಸನಗಳಲ್ಲಿ ಊರಿನ ಹೆಸರು ಸೆವಿಡಪಾಡಿ ಎಂದಿದೆಯೆಂದು ಬಲ್ಲವರು ಹೇಳುತ್ತಾರೆ. ಹೊಸೂರು ಎಂಬುದು ಆಮೇಲಿನ ಹೆಸರು. ಇದನ್ನು ನಮ್ಮ ಆತಿಥೇಯರ ಮನೆಯಲ್ಲಿ ಹೇಳಿದಾಗ ಒಬ್ಬ ಹಿರಿಯರಿಗೆ ಅಷ್ಟೊಂದು ಹಿಡಿಸಲಿಲ್ಲ. "ಅಂದ್ರೆ ಮೊದ್ಲು ಇದು ತಮಿಳರ ಊರಾಗಿತ್ತು ಅಂತೀರಾ?" ಎಂದರು. ನಾವು ಹಾಗೆನ್ನುವುದಿಲ್ಲ. ಚೋಳರು, ಹೊಯ್ಸಳರು, ವಿಜಯನಗರದವರು ಎಲ್ಲರೂ ಆಳಿದ ನೆಲ ಅದು. ಶಾಸನ ಬರೆಸಿದವನ ಭಾಷೆ ಒಂದಾದರೆ ಹೊಲ ಉತ್ತವನ ಭಾಷೆ ಇನ್ನೊಂದಿರಬಹುದು. ಆದರೆ ಮಗು ಕೇಳಿದ್ದಕ್ಕೆ ಇರುವುದನ್ನೇ ಹೇಳಬೇಕು. ನಮ್ಮ ಹೆಮ್ಮೆಗೆ ಒಪ್ಪುವಷ್ಟನ್ನು ಮಾತ್ರ ಹೇಳಿದರೆ, ಆ ಮಗು ದೊಡ್ಡದಾಗಿ ತಮಿಳು ಕಲಿತು ಆ ಶಾಸನವನ್ನು ತಾನೇ ಓದಿದ ದಿನ ನಮ್ಮ ಉಳಿದ ಮಾತುಗಳನ್ನೂ ನಂಬುವುದಿಲ್ಲ.

ಈ ಹೆಸರಿನ ಒಳಗೆ ಇನ್ನೊಂದು ಕುತೂಹಲವಿದೆ. ಕನ್ನಡಿಗರು ಮಾತ್ರ ಏಕೆ 'ಹ' ಎನ್ನುತ್ತಾರೆ? ಸುತ್ತಮುತ್ತಲಿನವರೆಲ್ಲ 'ಪ' ಎನ್ನುವ ಕಡೆ ನಾವು 'ಹ' ಎನ್ನುತ್ತೇವೆ. ಮಲಯಾಳದಲ್ಲೂ ತಮಿಳಿನಲ್ಲೂ ಪುಲಿ, ತುಳುವಿನಲ್ಲಿ ಪಿಲಿ, ನಮ್ಮಲ್ಲಿ ಹುಲಿ. ಅವರ ಪಾಲು ನಮಗೆ ಹಾಲು. ಅವರ ಪಲ್ಲು ನಮಗೆ ಹಲ್ಲು. ಕಾರಣ ಸರಳ: ಹಿಂದೆ ನಾವೂ 'ಪ' ಎನ್ನುತ್ತಿದ್ದೆವು. ಹತ್ತನೆಯ ಶತಮಾನದ ಪಂಪನ ಕನ್ನಡದಲ್ಲಿ ಹಾಲು 'ಪಾಲ್', ಹುಲಿ 'ಪುಲಿ', ಹೊಸತು 'ಪೊಸತು'. ಆ ಹೊತ್ತಿನಿಂದ ಮೆಲ್ಲಮೆಲ್ಲನೆ ಪಕಾರ ಸಡಿಲಿ ಹಕಾರವಾಗತೊಡಗಿ, ವಿಜಯನಗರದ ಕಾಲದ ಹೊತ್ತಿಗೆ ಹಕಾರವೇ ನೆಲೆನಿಂತಿತು. ಹಾಗಾಗಿ 'ಹೊಸೂರು' ಎಂಬ ಉಚ್ಚಾರವೇ ತನ್ನ ವಯಸ್ಸನ್ನು ಹೇಳುತ್ತದೆ. ಪಂಪನ ಕಾಲದವರು ಆ ಹೆಸರಿಟ್ಟಿದ್ದರೆ ಅದು 'ಪೊಸವೂರು' ಎಂದೇನೋ ಇರುತ್ತಿತ್ತು. ನಮ್ಮ ಕಾಸರಗೋಡಿನ ಮಕ್ಕಳಿಗೆ ಇದನ್ನು ತಿಳಿಸಲು ಪುಸ್ತಕವೇ ಬೇಡ. ಮನೆಯಲ್ಲಿ ತುಳುವಿನ 'ಪೊಸ', ಶಾಲೆಯಲ್ಲಿ ಕನ್ನಡದ 'ಹೊಸ', ಅಂಗಡಿಯಲ್ಲಿ ಮಲಯಾಳದ 'ಪುದಿಯ', ಮೂರೂ ಒಂದೇ ದಿನದಲ್ಲಿ ಅವರ ಬಾಯಲ್ಲಿ ಬರುತ್ತವೆ. ಮೈಸೂರಿನ ನಡುಮಧ್ಯದಲ್ಲಿ ಹುಟ್ಟಿದ ಮಗುವಿಗೆ ಈ ಭಾಗ್ಯವಿಲ್ಲ. ಗಡಿನಾಡಿನವರಿಗೆ ನಷ್ಟಗಳೇ ಹೆಚ್ಚೆಂದು ನಾವು ಸದಾ ಹೇಳಿಕೊಳ್ಳುತ್ತೇವೆ. ಇಂಥದೊಂದು ಲಾಭವೂ ಇದೆಯೆಂಬುದನ್ನು ಮರೆಯುತ್ತೇವೆ.

ತಮಿಳಿನ ಫಲಕದಲ್ಲಿ ಹಕಾರ ಬಿಟ್ಟುಹೋಗಿರುವುದನ್ನು ಕಂಡು ಕೋಪಿಸಿಕೊಳ್ಳುವವರಿದ್ದಾರೆ. ತಮಿಳಿಗೆ ತನ್ನದೇ ಆದ ಹಕಾರದ ಅಕ್ಷರವಿಲ್ಲ. ಬೇಕಾದಾಗ ಗ್ರಂಥಲಿಪಿಯಿಂದ ಎರವಲು ತರುತ್ತಾರೆ, ಬೇಡವೆನಿಸಿದರೆ ಬಿಡುತ್ತಾರೆ. ಅದಿರಲಿ, ಹೊಸೂರಿನ ಸುತ್ತಲಿನ ನಮ್ಮ ಕನ್ನಡ ರೈತರನ್ನೇ ಕೇಳಿ ನೋಡಿ: "ಒಸೂರ್ಗೋಗಿದ್ದೆ" ಎನ್ನುತ್ತಾರೆ. ಹಳ್ಳಿಯ ಕನ್ನಡಕ್ಕೂ ಹಕಾರದ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ಫಲಕ ಬರೆದವರನ್ನು ದೂರುವ ಮೊದಲು ನಮ್ಮ ಬಾಯಿ ನೋಡಿಕೊಳ್ಳುವುದು ಒಳ್ಳೆಯದು.

ಆ ಸೀಮೆಯಲ್ಲಿ ಹೊಸ ಊರುಗಳಿಗೆ ಬರವಿಲ್ಲ. ಕನ್ನಡದಲ್ಲಿ ಹೊಸೂರು, ತೆಲುಗಿನಲ್ಲಿ ಕೊತ್ತೂರು, ತಮಿಳಿನಲ್ಲಿ ಪುದೂರು. ಮೂರಕ್ಕೂ ಅರ್ಥ ಒಂದೇ. ಯಾರು ಕಾಡು ಕಡಿದು ಮೊದಲ ಒಲೆ ಹಚ್ಚಿದರೋ ಅವರ ಭಾಷೆಯಲ್ಲಿ ಊರಿಗೆ ಹೆಸರು ಬಂತು. ಕೃಷ್ಣಗಿರಿ ಜಿಲ್ಲೆಯ ಒಂದು ದೊಡ್ಡ ಭೂಪಟವನ್ನು ಗೋಡೆಗೆ ತೂಗುಹಾಕಿ, ಇಂಥ ಹೆಸರುಗಳಿಗೆ ಮೂರು ಬಣ್ಣದ ಗುರುತು ಹಾಕಿಸಿದರೆ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಚರಿತ್ರೆಯ ಪಾಠ ಬೇರೆ ಬೇಕಿಲ್ಲ. ನಮ್ಮ ಜಿಲ್ಲೆಯ ಹೆಸರಿನದೂ ಅದೇ ಕತೆ. ಕಾಸಾರ ಎಂದರೆ ಕೆರೆ, ಅದರಿಂದ ಕಾಸರಗೋಡು ಎನ್ನುವವರು ಕೆಲವರು. ಕಾಸರಕದ ಮರಗಳಿಂದ ಬಂತು ಎನ್ನುವವರು ಕೆಲವರು. ನಮ್ಮ ಓಟು ಕಾಸರಕನ ಮರಕ್ಕೆ. ಕೆರೆಯ ಸಂಸ್ಕೃತ ವ್ಯುತ್ಪತ್ತಿ ಪಂಡಿತರ ಮನೆಯ ಅಂಗಳದ್ದು. ಊರಿಗೆ ಹೆಸರಿಡುವ ಜನ ಸಾಮಾನ್ಯವಾಗಿ ಕಣ್ಣೆದುರಿನ ಮರವನ್ನು ನೋಡಿ ಇಡುತ್ತಾರೆ.

ಗೃಹಪ್ರವೇಶದ ಮರುದಿನ ಕೃಷ್ಣಗಿರಿಗೆ ಹೊರಟೆವು. ಹೊಸೂರಿನಲ್ಲಿ ಬೆಳಿಗ್ಗೆ ಹೊದ್ದಿದ್ದ ಶಾಲು ಕೃಷ್ಣಗಿರಿ ತಲುಪುವಷ್ಟರಲ್ಲಿ ಬೆವರು ಒರೆಸುವ ಬಟ್ಟೆಯಾಯಿತು. ಐವತ್ತು ಕಿಲೋಮೀಟರಿನ ಹಾದಿ, ಅದೇ ಜಿಲ್ಲೆ. ಇಷ್ಟು ವ್ಯತ್ಯಾಸ ಏಕೆ? ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೃಷ್ಣಗಿರಿ ಸುಮಾರು 500 ಮೀಟರ್. ನೂರು ಮೀಟರ್ ಇಳಿದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಸೆಕೆ ಏರುತ್ತದೆ. ಶೂಳಗಿರಿ ದಾಟಿದ ಮೇಲೆ ರಸ್ತೆ ಘಟ್ಟ ಇಳಿಯುವುದು ಬಸ್ಸಿನಲ್ಲಿ ತೂಕಡಿಸುವವರಿಗೆ ತಿಳಿಯದಿದ್ದರೂ ಮೈಗೆ ತಿಳಿಯುತ್ತದೆ. ಹೊಸೂರಿನಲ್ಲಿ ಗುಲಾಬಿ, ಕೃಷ್ಣಗಿರಿಯಲ್ಲಿ ಮಾವು ಎಂಬ ವ್ಯತ್ಯಾಸದ ಗುಟ್ಟೂ ಬಹುಮಟ್ಟಿಗೆ ಇದರಲ್ಲೇ ಇದೆ. ಹಳೆಯ ಸೇಲಂ ಜಿಲ್ಲೆಯ ದಾಖಲೆಗಳಲ್ಲಿ ಹೊಸೂರಿನ ಭಾಗಕ್ಕೆ ಬಾಲಾಘಾಟ್ ಎಂದೇ ಹೆಸರು. ಪಾರಸಿಯ 'ಬಾಲಾ' ಎಂದರೆ ಮೇಲೆ. ನಾವು ಕರಾವಳಿಯವರು ಬೆಂಗಳೂರು, ಮೈಸೂರುಗಳನ್ನು 'ಘಟ್ಟದ ಮೇಲೆ' ಎನ್ನುವುದಿಲ್ಲವೆ, ಹಾಗೆಯೇ. ಅಂದರೆ ಹೊಸೂರು ನೆಲದ ಲೆಕ್ಕದಲ್ಲಿ ಮೈಸೂರು ಸೀಮೆಯ ತುದಿ. ಆಡಳಿತದ ಲೆಕ್ಕದಲ್ಲಿ ಕೆಳನಾಡಿನ ತಲೆ.

ಘಟ್ಟದ ಕೆಳಗಿನದು ಬಾರಾಮಹಲ್. ಟಿಪ್ಪು ಸುಲ್ತಾನ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲನ್ನು ಇಂಗ್ಲಿಷರಿಗೆ ಬಿಟ್ಟುಕೊಡಬೇಕಾಯಿತು. ಹೊಸೂರಿನ ಬಾಲಾಘಾಟ್ ಅವರ ಕೈಸೇರಿದ್ದು 1799ರಲ್ಲಿ ಅವನು ಮಡಿದ ಮೇಲೆ. ಬಾರಾ ಎಂದರೆ ಹನ್ನೆರಡು, ಸರಿ. ಆ ಹನ್ನೆರಡು ಯಾವುವು? ಕೃಷ್ಣಗಿರಿಯ ಬೆಟ್ಟದ ಕೋಟೆ ಒಂದು, ಜಗದೇವಿ ಒಂದು, ಅಷ್ಟರವರೆಗೆ ಎಲ್ಲರೂ ಒಪ್ಪುತ್ತಾರೆ. ಮುಂದಿನ ಲೆಕ್ಕ ಪುಸ್ತಕದಿಂದ ಪುಸ್ತಕಕ್ಕೆ, ತಾತನಿಂದ ತಾತನಿಗೆ ಬೇರೆ. ನಮ್ಮೆದುರೇ ಇಬ್ಬರು ಹಿರಿಯರು ಬೆರಳು ಮಡಚುತ್ತ ಕುಳಿತು, ಒಬ್ಬರು ಒಂಬತ್ತಕ್ಕೆ ನಿಂತರು, ಇನ್ನೊಬ್ಬರು ಹದಿಮೂರಕ್ಕೆ ಹೋದರು.

ಆ ಬಾರಾಮಹಲಿಗೂ ನಮ್ಮ ಕಾಸರಗೋಡಿಗೂ ಒಂದು ಹಳೆಯ ನಂಟಿದೆಯೆಂಬುದು ನಮ್ಮ ಓದುಗರಲ್ಲಿ ಎಷ್ಟು ಮಂದಿಗೆ ಗೊತ್ತೋ. 1792ರಿಂದ ಏಳು ವರ್ಷ ಬಾರಾಮಹಲಿನಲ್ಲಿ ಅಲೆಗ್ಸಾಂಡರ್ ರೀಡನ ಕೈಕೆಳಗೆ ಹೊಲ ಅಳೆದು ಕಂದಾಯ ಗೊತ್ತುಮಾಡಿದ ಥಾಮಸ್ ಮನ್ರೋ, 1799ರಲ್ಲಿ ಕನ್ನಡ ಜಿಲ್ಲೆಗೆ ಕಲೆಕ್ಟರನಾಗಿ ಬಂದ. ಅಂದಿನ ಕನ್ನಡ ಜಿಲ್ಲೆಯ ತೆಂಕಣ ತುದಿಯೇ ಬೇಕಲ ತಾಲೂಕು, ಇಂದಿನ ನಮ್ಮ ಕಾಸರಗೋಡು. ಇಲ್ಲಿ ಅವನಿಗೆ ಮನಸ್ಸು ನಿಲ್ಲಲಿಲ್ಲ. ಮರುವರ್ಷವೇ ಬೇರೆಡೆಗೆ ಹೋದ. ಧರ್ಮಪುರಿಯಲ್ಲಿ ತಾನು ಬೆಳೆಸಿದ ತೋಟದ ನೆನಪು ಅವನನ್ನು ಕೊನೆಯವರೆಗೂ ಬಿಡಲಿಲ್ಲವಂತೆ. ಮುಂದೆ ಮದರಾಸಿನ ಗವರ್ನರನಾದ ಇವನ ಪ್ರತಿಮೆಯನ್ನು ಮದರಾಸಿಗೆ ಹೋದವರೆಲ್ಲ ನೋಡಿರುತ್ತೀರಿ. ಕುದುರೆಗೆ ಜೀನಿಲ್ಲ, ರಿಕಾಪಿಲ್ಲ! ಅದೇಕೆಂದು ಮದರಾಸಿನ ಮಕ್ಕಳು 1839ರಿಂದ ಕೇಳುತ್ತಲೇ ಇದ್ದಾರೆ. ಒಬ್ಬನೇ ಮನುಷ್ಯ ಎರಡು ಸೀಮೆಗಳ ಪಹಣಿಗೆ ಮೊದಲ ಗೆರೆ ಎಳೆದ. ನೂರ ಐವತ್ತೇಳು ವರ್ಷಗಳ ಮೇಲೆ, 1956ರ ನವೆಂಬರ್ 1ರಂದು, ಆ ಎರಡೂ ಸೀಮೆಗಳ ಕನ್ನಡಿಗರು ಕರ್ನಾಟಕದ ಗೆರೆಯಾಚೆ ಉಳಿದರು. ಇಂಥ ಕಾಕತಾಳೀಯಗಳಿಗೆ ದೊಡ್ಡ ಅರ್ಥ ಹಚ್ಚುವ ಅಭ್ಯಾಸ ನಮಗಿಲ್ಲ. ಆದರೂ ಹೇಳದೆ ಬಿಡಲು ಮನಸ್ಸು ಬರಲಿಲ್ಲ.

ನೆಂಟರ ಮನೆಯ ಅಜ್ಜಿಯೊಬ್ಬರು ಹುಟ್ಟಿದ್ದು ಸೇಲಂ ಜಿಲ್ಲೆಯಲ್ಲಿ, ಮಕ್ಕಳಿಗೆ ಮದುವೆ ಮಾಡಿದ್ದು ಧರ್ಮಪುರಿ ಜಿಲ್ಲೆಯಲ್ಲಿ, ಈಗ ಮರಿಮಕ್ಕಳನ್ನು ಎತ್ತಿಕೊಂಡಿರುವುದು ಕೃಷ್ಣಗಿರಿ ಜಿಲ್ಲೆಯಲ್ಲಿ. ಮನೆ ಮಾತ್ರ ಒಂದೇ. 1965ರಲ್ಲಿ ಒಂದು ಸಲ, 2004ರಲ್ಲಿ ಇನ್ನೊಂದು ಸಲ ಅವರ ವಿಳಾಸ ಬದಲಾಯಿತು. ನಮ್ಮ ಹಿರಿಯರೇನು ಕಡಿಮೆಯೆ? ದಕ್ಷಿಣ ಕನ್ನಡ, ಎರಡು ತಿಂಗಳ ಮಟ್ಟಿಗೆ ಮಲಬಾರು, 1957ರಿಂದ ಕಣ್ಣೂರು, 1984ರಿಂದ ಕಾಸರಗೋಡು. ಅಂಗಳ ದಾಟದೆಯೇ ನಾಲ್ಕು ಜಿಲ್ಲೆ ಸುತ್ತಿದರು.

ಹೆಸರಿನ ಮಾತು ಬಂತೆಂದರೆ ಅಡಿಗೆಮನೆಗೂ ಹೋಗಬೇಕಾಗುತ್ತದೆ. ಕೃಷ್ಣಗಿರಿಯ ಸಂತೆಯಲ್ಲಿ ರಾಶಿ ಬಿದ್ದಿದ್ದ, ಕೊನೆಯಲ್ಲಿ ಕೊಕ್ಕಿನಂತೆ ಬಾಗಿದ ಉದ್ದನೆಯ ಮಾವಿನಕಾಯಿಯ ಹೆಸರೇನೆಂದು ಕೇಳಿದೆವು. "ಬೆಂಗಳೂರಾ" ಎಂದ ವ್ಯಾಪಾರಿ. ಬೆಂಗಳೂರಿನಲ್ಲಿ ಅದೇ ಕಾಯಿಗೆ ತೋತಾಪುರಿ ಎನ್ನುತ್ತಾರೆ, ಹಳಬರು ಗಿಣಿಮೂತಿ ಎನ್ನುತ್ತಾರೆ. ಬೆಂಗಳೂರಾ ಎಂದು ಮಾತ್ರ ಯಾರೂ ಎನ್ನುವುದಿಲ್ಲ. ನಾವು ಸೀಮೆಬದನೆ ಎನ್ನುವ ತರಕಾರಿಯೂ ಹಾಗೆಯೇ. ತಮಿಳಿನಲ್ಲಿ ಅದು ಬೆಂಗಳೂರು ಕತ್ತಿರಿಕ್ಕಾಯಿ, ತೆಲುಗಿನಲ್ಲಿ ಬೆಂಗಳೂರು ವಂಕಾಯ. ಬೆಂಗಳೂರಿನವರಿಗೆ ಅದು ಸೀಮೆಯಿಂದ, ಅಂದರೆ ಪರದೇಶದಿಂದ ಬಂದದ್ದು. ಸೀಮೆಎಣ್ಣೆ, ಸೀಮೆಸುಣ್ಣ ಇದ್ದ ಹಾಗೆ. ನಿಜವಾಗಿ ಅದರ ತವರು ಮೆಕ್ಸಿಕೊ ಕಡೆ. ಒಂದು ವಸ್ತು ಯಾವ ದಿಕ್ಕಿನಿಂದ ನಮ್ಮ ಮನೆಬಾಗಿಲಿಗೆ ಬಂತೋ ಆ ದಿಕ್ಕಿನ ಹೆಸರು ಅದಕ್ಕೆ ಅಂಟಿಕೊಳ್ಳುತ್ತದೆ, ಅದರಾಚೆ ಯಾರೂ ವಿಚಾರಿಸಲು ಹೋಗುವುದಿಲ್ಲ. ರಸ್ತೆಗಳದ್ದು ಇದರ ತಿರುಗುಮುರುಗು: ಬೆಂಗಳೂರಿನ ಹೊಸೂರು ರಸ್ತೆ ಹೊಸೂರಿಗೆ ಬಂದರೆ ಬೆಂಗಳೂರು ರಸ್ತೆ. ಯಾವ ಊರಿನವರಿಗೂ ತಮ್ಮ ಊರಿನ ಹೆಸರಿನ ರಸ್ತೆ ತಮ್ಮೂರಲ್ಲಿ ಸಿಗುವುದಿಲ್ಲ!

ಕೃಷ್ಣಗಿರಿಯ ಸುತ್ತ ಮಾವಿನ ತಿರುಳು ತೆಗೆಯುವ ಕಾರ್ಖಾನೆಗಳು ಬಹಳ. ರುಚಿಯಲ್ಲಿ ಆಪೂಸಿಗೆ ಸಮನಲ್ಲದ ಈ ಬೆಂಗಳೂರಾಕ್ಕೆ ಅಷ್ಟು ಬೇಡಿಕೆ ಏಕೆಂದರೆ, ಬೇರೆ ಎಷ್ಟೋ ಮಾವು ಒಂದು ವರ್ಷ ಕೊಟ್ಟು ಮರುವರ್ಷ ಮುನಿಸಿಕೊಂಡರೆ ಇದು ವರ್ಷವರ್ಷವೂ ತಪ್ಪದೆ, ರಾಶಿರಾಶಿಯಾಗಿ ಕಾಯಿ ಬಿಡುತ್ತದೆ, ತಿರುಳೂ ಹೆಚ್ಚು. ಪಟ್ಟಣದ ಅಂಗಡಿಯಲ್ಲಿ ಬಾಟಲಿಯಲ್ಲಿ ಕುಡಿಯುವ ಮಾವಿನ ರಸದ ಮೂಲ ಹುಡುಕಿದರೆ ಬಹಳ ಸಲ ಈ ಗಿಣಿಮೂತಿಯೇ ಸಿಕ್ಕೀತು.

ರಾಗಿಯ ವಿಷಯದಲ್ಲಿ ನಮಗೆ ಆದ ಪಾಠವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಗೃಹಪ್ರವೇಶದ ಊಟದಲ್ಲಿ ಅನ್ನ, ಪಾಯಸಗಳ ಜೊತೆ ಹಿರಿಯರಿಗೆಂದು ಮುದ್ದೆಯೂ ಇತ್ತು. ಅದೇ ಉಂಡೆಗೆ ಪಕ್ಕದ ಎಲೆಯ ತೆಲುಗಿನವರು ಸಂಗಟಿ ಎಂದರು, ಬಡಿಸಿದ ತಮಿಳು ಹೆಂಗಸು ಕಳಿ ಎಂದಳು. ಕುಚ್ಚಲಕ್ಕಿಯ ನಾಡಿನ ನಮಗೆ ಅದನ್ನು ಅಗಿಯದೆ ನುಂಗುವುದು ಬರಲಿಲ್ಲ, ಮಕ್ಕಳು ನಕ್ಕವು. ಮಾತು ರಾಗಿಯ ಹಗೇವಿನ ಕಡೆ ಹೊರಳಿತು. ಹಗೇವು ಎಂದರೆ ನೆಲದಲ್ಲಿ ತೋಡಿದ ಕಣಜ. ಅದರಲ್ಲಿ ತುಂಬಿ ಬಾಯಿ ಮುಚ್ಚಿದ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತಿತ್ತು. ಅಕ್ಕಿ ಆರು ತಿಂಗಳಿಗೆ ಹುಳು ಬೀಳುತ್ತದೆ, ರಾಗಿಗೆ ಏಕಿಲ್ಲ? ನಮ್ಮ ಹುಡುಗನ ಪ್ರಶ್ನೆಯೇ ಇದು. ಅಕ್ಕಿಯ ಹುಳು ಕಾಳನ್ನು ಕೊರೆದು ಅದರೊಳಗೆ ಮೊಟ್ಟೆಯಿಡುತ್ತದೆ, ಮರಿ ಕಾಳಿನ ಹೊಟ್ಟೆಯಲ್ಲೇ ಬೆಳೆಯಬೇಕು. ರಾಗಿಯ ಕಾಳು ಅದರ ಸಂಸಾರಕ್ಕೆ ಸಾಲದಷ್ಟು ಚಿಕ್ಕದು. ಮೇಲಾಗಿ ಸಿಪ್ಪೆ ಒಗರು. ಅಷ್ಟೆ.

ಅದಕ್ಕಿಂತ ದೊಡ್ಡ ವಿಚಾರ ಆ ಮನೆಯ ಅಜ್ಜಿ ಹೇಳಿದ್ದು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲವಂತೆ. ತೆರೆದು ಬಹಳ ಹೊತ್ತು ಬಿಡುವುದು, ಆಮೇಲೆ ಹಗ್ಗದಲ್ಲಿ ದೀಪ ಇಳಿಬಿಡುವುದು. ದೀಪ ಉರಿದರೆ ಮನುಷ್ಯ ಇಳಿಯಬಹುದು, ನಂದಿದರೆ ಇಲ್ಲ. "ಒಳಗೆ ಭೂತ ಐತೆ, ದೀಪ ಊದ್ತದೆ ಅಂತಿದ್ರು ನಮ್ಮವ್ವ" ಎಂದು ಅಜ್ಜಿ ನಕ್ಕರು. ಭೂತವಲ್ಲ, ಕಾಳು ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಅದು ನಮ್ಮ ಹಾಗೆಯೇ ಆಮ್ಲಜನಕವನ್ನು ತೆಗೆದುಕೊಂಡು ಇಂಗಾಲದ ಡೈ ಆಕ್ಸೈಡನ್ನು ಬಿಡುತ್ತದೆ. ಭಾರವಾದ ಆ ಗಾಳಿ ತಳದಲ್ಲಿ ನಿಲ್ಲುತ್ತದೆ. ದೀಪಕ್ಕೆ ಉಸಿರು ಕಟ್ಟುವ ಕಡೆ ಮನುಷ್ಯನಿಗೂ ಕಟ್ಟುತ್ತದೆ. ಕಾರಣ ತಿಳಿಯದಿದ್ದರೂ ಉಪಾಯ ತಪ್ಪಿರಲಿಲ್ಲ. ಇಂದು ಊರೂರಿನಲ್ಲಿ ಮಲದ ಗುಂಡಿಗೆ, ಪಾಳುಬಾವಿಗೆ ಇಳಿದು ಜನ ಸಾಯುವ ಸುದ್ದಿಯನ್ನು ಪತ್ರಿಕೆಗಳು ಅಚ್ಚು ಹಾಕುತ್ತಲೇ ಇವೆ. ಗುಂಡಿಯಲ್ಲಿ ಹೊತ್ತಿಕೊಳ್ಳುವ ಅನಿಲವೂ ಇರಬಹುದಾದ್ದರಿಂದ ಅಲ್ಲಿ ದೀಪ ಇಳಿಬಿಡುವುದು ಸಲ್ಲ. ಆದರೆ ಮುಚ್ಚಿದ ಗುಂಡಿಗೆ ಹಾಗೆಯೇ ಇಳಿಯಬಾರದೆಂಬ ಅಜ್ಜಿಯ ಕಾಲದ ತಿಳಿವು ಅವರಿಗಿದ್ದಿದ್ದರೆ! ಹಗೇವು ಹೋಯಿತು, ಹಗೇವು ಎಂಬ ಮಾತೂ ಹೋಗುತ್ತಿದೆ, ಅದರ ಜೊತೆ ಆ ಎಚ್ಚರಿಕೆಯೂ ಹೋಯಿತು. ಮನೆಯ ಮೊಮ್ಮಕ್ಕಳಲ್ಲಿ ಹಿರಿಯವಳಿಗೆ ಹಗೇವು ಎಂದರೇನೆಂದು ಗೊತ್ತಿರಲಿಲ್ಲ. ಅಜ್ಜಿ ಹೇಳಿದ್ದನ್ನು ಅವಳು ಅಂದೇ ಮೊದಲ ಸಲ ಕೇಳಿದ್ದು, ಅದೂ ಕಾಸರಗೋಡಿನಿಂದ ಬಂದ ನೆಂಟರು ವಿಚಾರಿಸಿದ್ದರಿಂದ.

ಇನ್ನೊಂದು ಪ್ರಶ್ನೆಗೆ ನಾವೇ ತಲೆತಗ್ಗಿಸಬೇಕಾಯಿತು. ಹೊಸೂರಿನ ಪಕ್ಕದ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಕೆಲವು ದಿನಗಳಲ್ಲಿ ನೊರೆ ಬೆಟ್ಟದಂತೆ ಏಳುತ್ತದೆ, ಗಾಳಿಗೆ ಹತ್ತಿಯಂತೆ ಹಾರುತ್ತದೆ. ಅದೇಕೆ? ಹೊಳೆ ನಂದಿಬೆಟ್ಟದ ಕಡೆ ಹುಟ್ಟಿದ ದಕ್ಷಿಣ ಪಿನಾಕಿನಿ. ತಮಿಳುನಾಡಿನಲ್ಲಿ ತೆನ್‌ಪೆಣ್ಣೈ, ಪೊನ್ನೈಯಾರು. ನಮ್ಮ ಚಂದ್ರಗಿರಿ ಹೊಳೆಯೇ ಮೇಲೆ ಪಯಸ್ವಿನಿಯಾಗಿರುವಂತೆ ಅದೂ ದಾರಿಯಲ್ಲಿ ಹೆಸರು ಬದಲಿಸುತ್ತದೆ. ಬೆಂಗಳೂರಿನ ಪೂರ್ವದ ಕೆರೆಗಳ ಕೊಳಚೆಯನ್ನು ಹೊತ್ತು ಅದು ಗಡಿ ದಾಟುತ್ತದೆ. ಬಟ್ಟೆ ಒಗೆಯುವ ಪುಡಿ, ಸಾಬೂನುಗಳ ನೊರೆಕಾರಕಗಳು ನೀರು ಧುಮುಕುವ ಕಡೆ ಮೊಸರು ಕಡೆದ ಹಾಗೆ ಕಡೆದು ಏಳುತ್ತವೆ. ಕನ್ನಡದ ರಾಜಧಾನಿಯಿಂದ ಗಡಿಯಾಚೆಯ ಕನ್ನಡ ರೈತನಿಗೆ ತಪ್ಪದೆ ಬರುವ ಉಡುಗೊರೆ ಇದು! ಮಗು ಕೇಳಿದರೆ ಇದನ್ನೂ ಹೇಳಲೇಬೇಕು. ಸೆವಿಡಪಾಡಿಯನ್ನು ಹೇಳಿದ ಹಾಗೆಯೇ.

ಈಗ ಶಾಲೆಯ ಮಾತು. ತಮಿಳುನಾಡು 2006ರ ಶಾಸನದ ಮೂಲಕ ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಕಡ್ಡಾಯ ಮಾಡುತ್ತ ಬಂತು. 2015-16ರಲ್ಲಿ ಅದು ಹತ್ತನೆಯ ತರಗತಿಯನ್ನು ಮುಟ್ಟಿದಾಗ ಕನ್ನಡ, ತೆಲುಗು, ಉರ್ದು ಮಾಧ್ಯಮದವರು ವಿನಾಯಿತಿಗಾಗಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಕೇರಳವು 2017ರಲ್ಲಿ ಮಲಯಾಳ ಕಲಿಕೆಯ ಶಾಸನ ತಂದಾಗ ಕಾಸರಗೋಡಿನಲ್ಲಿ ಏನಾಯಿತೆಂಬುದನ್ನು ನಮ್ಮ ಓದುಗರಿಗೆ ನಾವು ಹೇಳಬೇಕಿಲ್ಲ. ಆ ಹೋರಾಟಗಳು ನ್ಯಾಯವಾದವು, ಅವು ನಡೆಯಲೇಬೇಕು. ನೆರೆಯ ಭಾಷೆ ಕಲಿ ಎಂದರೆ ನಾವು ಬೇಡವೆನ್ನುವವರಲ್ಲ; ನಮ್ಮ ಹುಡುಗ ಫಲಕ ಓದಿದ್ದೇ ತಮಿಳಿನಲ್ಲಿ. ತಾಯಿನುಡಿಯ ಜಾಗದಲ್ಲಿ ಅದನ್ನು ಕೂರಿಸುವುದಕ್ಕೆ ಮಾತ್ರ ನಮ್ಮ ವಿರೋಧ.

ಆದರೆ ಒಂದು ಮಾತನ್ನು ನಮ್ಮವರಿಗೇ ಹೇಳಬೇಕಾಗಿದೆ. ಕನ್ನಡ ಮಾಧ್ಯಮದ ತರಗತಿ ಉಳಿದರೂ ಅದರ ಪಠ್ಯಪುಸ್ತಕ ಇಡೀ ರಾಜ್ಯಕ್ಕೆಂದು ಬರೆದದ್ದು. ಹಗೇವು, ಹೊಸದುರ್ಗ, ಗಿಣಿಮೂತಿಗಳ ಬಗ್ಗೆ ತಿರುವನಂತಪುರದಲ್ಲಾಗಲಿ ಚೆನ್ನೈಯಲ್ಲಾಗಲಿ ಕುಳಿತವರು ಬರೆದುಕೊಡಬೇಕೆಂದು ಅಪೇಕ್ಷಿಸುವುದು ತಪ್ಪು. ಬೆಂಗಳೂರಿನವರಿಗೂ ಅದು ಆಗುವ ಕೆಲಸವಲ್ಲ, ಅವರಿಗೆ ಬೆಂಗಳೂರಾ ಎಂದರೆ ಯಾವ ಹಣ್ಣೆಂದೇ ಗೊತ್ತಿಲ್ಲ. ಸರಕಾರಕ್ಕೆ ಮನವಿ ಬರೆಯುವಾಗ ನಮಗಿರುವ ಉತ್ಸಾಹದಲ್ಲಿ ಹತ್ತರಲ್ಲೊಂದು ಪಾಲು ಮಗು ಪ್ರಶ್ನೆ ಕೇಳಿದಾಗ ಇರುವುದಿಲ್ಲ. "ಸುಮ್ಮನಿರು", "ದೊಡ್ಡವನಾದ ಮೇಲೆ ಗೊತ್ತಾಗುತ್ತದೆ", "ಮೊಬೈಲಿನಲ್ಲಿ ನೋಡಿಕೋ" ಎಂದು ಮುಗಿಸುತ್ತೇವೆ. ಮೊಬೈಲಿನಲ್ಲಿ ನೋಡಿದರೆ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ; ಮುಂದಿನ ಪ್ರಶ್ನೆಯನ್ನು ಮಗು ಇಂಗ್ಲಿಷಿನಲ್ಲೇ ಕೇಳುತ್ತದೆ, ನಮ್ಮನ್ನು ಕೇಳುವುದಿಲ್ಲ. ನಮ್ಮ ಮನೆಯೂ ಇದಕ್ಕೆ ಹೊರತಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ಆದ್ದರಿಂದ ಒಂದು ಸಣ್ಣ ಸಲಹೆ. ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವಂಥ ಒಂದು ಪುಸ್ತಕವಿರಲಿ. ಮಕ್ಕಳು ಕೇಳಿದ ಪ್ರಶ್ನೆಯನ್ನು ಅವರ ಕೈಯಲ್ಲೇ ಕನ್ನಡದಲ್ಲಿ ಬರೆಸಿ. ಗೊತ್ತಿದ್ದರೆ ಉತ್ತರ ಬರೆಯಿರಿ, ಅಜ್ಜಿಯನ್ನು ಕೇಳಿ ಬರೆದರೆ ಅಜ್ಜಿಯ ಹೆಸರು, ದಿನಾಂಕ ಹಾಕಿ. ಇಬ್ಬರು ಎರಡು ಬಗೆ ಹೇಳಿದರೆ ಎರಡನ್ನೂ ಬರೆಯಿರಿ, ಬಾರಾಮಹಲಿನ ಕೋಟೆಗಳ ಹಾಗೆ. ಗೊತ್ತಿಲ್ಲದಿದ್ದರೆ ಜಾಗ ಖಾಲಿ ಬಿಡಿ, ಕಟ್ಟುಕತೆ ತುಂಬಬೇಡಿ. ಎಂಬತ್ತು ದಾಟಿದ ಹಿರಿಯರಿರುವ ಮನೆಯವರು ಈ ಕೆಲಸವನ್ನು ಬರುವ ರಜೆಗೆ ಮುಂದೂಡಬಾರದು. ಹಾಗೆ ಬರೆದದ್ದರಲ್ಲಿ ಎಲ್ಲರಿಗೂ ರುಚಿಸುವುದೇನಾದರೂ ಇದ್ದರೆ ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಹಾಕಿದರೆ ಓದಲು ನಮಗೂ ಸಂತೋಷ.

ಹೊರಡುವ ದಿನ ತಾತನೂ ಮೊಮ್ಮಗನೂ ಹೊಲದ ಬದುವಿನ ಮೇಲೆ ನಮ್ಮನ್ನು ಕರೆದೊಯ್ದರು. ಅಲ್ಲೊಂದು ಕಲ್ಲು, ಅರ್ಧ ನೆಲದಲ್ಲಿ ಹೂತಿದೆ. ಅರಿಸಿನ ಕುಂಕುಮ ಬಳಿದಿದ್ದಾರೆ. ಆ ಸೀಮೆಯಲ್ಲಿ ಇಂಥ ಕಲ್ಲುಗಳು ಬಹಳ. ತಮಿಳರು ವೇಡಿಯಪ್ಪನ್ ಎಂದು ಪೂಜಿಸುತ್ತಾರೆ, ನಮ್ಮವರಿಗೂ ಅವನು ವೇಡಿಯಪ್ಪನೇ. ಹತ್ತಿರ ಹೋಗಿ ನೋಡಿದರೆ ವೀರಗಲ್ಲು. ಕೆಳಗೆ ಬಿಲ್ಲು ಹಿಡಿದ ಒಬ್ಬ, ಅವನೆದುರು ದನಗಳು. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದೆದುರು ಕೈಮುಗಿದು ಕುಳಿತವನೂ ಅವನೇ. ತುರುಗಳನ್ನು ಕಳ್ಳರಿಂದ ಬಿಡಿಸಹೋಗಿ ಸತ್ತವನ ಕತೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಇಷ್ಟನ್ನು ನಾವು ಹೇಳಿದೆವು. ಹುಡುಗ ಕಲ್ಲಿನ ಅಂಚಿನಲ್ಲಿ ಪಾಚಿಯ ಕೆಳಗೆ ಸವೆದ ಒಂದು ಸಾಲನ್ನು ಬೆರಳಿನಿಂದ ಕೆರೆದು, "ತಾತ, ಇದು ತಮಿಳಾ, ಕನ್ನಡಾನಾ?" ಎಂದ. ತಾತ ಕನ್ನಡಕ ಏರಿಸಿ ಬಗ್ಗಿ ನೋಡಿದರು. ರಾಗಿ ಕುಯ್ಲು ಮುಗಿದ ಮೇಲೆ ಕಲ್ಲು ತೊಳೆದು, ಅಕ್ಷರಗಳ ಮೇಲೆ ಹಿಟ್ಟು ಸವರಿ ಚಿತ್ರ ತೆಗೆದು ಕಳಿಸುವುದಾಗಿ ಒಪ್ಪಿಕೊಂಡಿದ್ದಾರೆ. ಚಿತ್ರ ಇನ್ನೂ ಬಂದಿಲ್ಲ.